ಕರಾರು ಮತ್ತು ನಿದ್ದೆ: ಪೈಲಟ್‌ಗಳ ಪಾಳಿ ಪಟ್ಟಿಯ ಚರಿತ್ರೆ

2010ರ ಮೇ 22ರ ಮುಂಜಾನೆ ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿನಲ್ಲೇ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ ಬೆಂಕಿಗಾಹುತಿಯಾಯಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಬದುಕಿ ಉಳಿದವರು ಎಂಟೇ ಎಂಟು ಜನ. ಗಲ್ಫ್ ದುಡಿಮೆಯನ್ನು ನಂಬಿದ ಕರಾವಳಿ ಕರ್ನಾಟಕ ಮತ್ತು ಕಾಸರಗೋಡಿನ ಎಷ್ಟೋ ಮನೆಗಳು ಆ ಬೆಳಿಗ್ಗೆಯನ್ನು ಇನ್ನೂ ಮರೆತಿಲ್ಲ.

ಆ ನಂತರ ಬಂದ ತನಿಖಾ ನ್ಯಾಯಾಲಯದ ವರದಿಯಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು ಒಂದೇ ಸಂಗತಿ. ಕಾಕ್‌ಪಿಟ್ಟಿನ ಧ್ವನಿಮುದ್ರಿಕೆಯಲ್ಲಿ ದೊರೆತ ಎರಡು ಗಂಟೆ ಐದು ನಿಮಿಷಗಳಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ವಿಮಾನ ಸರಿಯಾದ ಎತ್ತರದಲ್ಲಿ ಇಲ್ಲದಿದ್ದರೂ ಇಳಿಸುವ ಯತ್ನವನ್ನು ಅವರು ಕೈಬಿಡಲಿಲ್ಲ ಎಂಬುದೇ ಅಪಘಾತದ ನೇರ ಕಾರಣ ಎಂದು ವರದಿ ಹೇಳಿತು. ದೀರ್ಘ ನಿದ್ದೆಯಿಂದ ಎದ್ದ ಮೇಲೆ ಉಳಿಯುವ ಮಂಪರನ್ನೂ, ದೇಹ ತೀರಾ ಬಳಲುವ ನಸುಕಿನ ಹೊತ್ತಿನ ಹಾರಾಟವನ್ನೂ ಪೂರಕ ಕಾರಣಗಳೆಂದಿತು. ಅದೇ ಸಿಬ್ಬಂದಿ ಹಿಂದಿನ ರಾತ್ರಿ ಮಂಗಳೂರಿನಿಂದ ಹೊರಟು ದುಬೈಗೆ ಹೋಗಿ, ಅಲ್ಲಿ ಒಂದೂವರೆ ಗಂಟೆಯೂ ನಿಲ್ಲದೆ ಮರಳಿ ಹೊರಟಿದ್ದರು. ‘ಪೈಲಟ್ ಮಲಗಿದ್ದನಂತೆ’ ಎಂಬ ಮಾತು ಊರೆಲ್ಲ ಹಬ್ಬಿತು. ಆದರೆ ಇಡೀ ರಾತ್ರಿ ಎದ್ದಿರಬೇಕಾದ ಆ ಪಾಳಿಯನ್ನು ಬರೆದವರು ಯಾರು, ಯಾವ ನಿಯಮದ ಅಡಿಯಲ್ಲಿ ಬರೆದರು ಎಂದು ಕೇಳಿದವರು ಕಡಿಮೆ.

ಆ ಪ್ರಶ್ನೆಗೆ ಒಂದು ದೀರ್ಘ ಚರಿತ್ರೆ ಇದೆ. ಅದನ್ನು ಹೇಳುವ ಮೊದಲು ಒಂದು ಪದದ ಕಡೆ ಓದುಗರ ಗಮನ ಸೆಳೆಯಬೇಕು. ಕನ್ನಡದಲ್ಲಿ ನಾವು ‘ಕರಾರು’ ಎನ್ನುವಾಗ ನಮ್ಮ ಕಣ್ಣ ಮುಂದೆ ಬರುವುದು ಛಾಪಾ ಕಾಗದ, ಸಹಿ, ಷರತ್ತು. ಉರ್ದುವಿನಲ್ಲಿ ಅದೇ ‘ಕರಾರ್’ಗೆ ಒಪ್ಪಂದ ಎಂಬ ಅರ್ಥದ ಜೊತೆಗೆ ನೆಮ್ಮದಿ, ವಿಶ್ರಾಂತಿ ಎಂಬ ಅರ್ಥವೂ ಇದೆ. ನೆಮ್ಮದಿಗೆಟ್ಟವನನ್ನು ‘ಬೇಕರಾರ್’ ಎನ್ನುತ್ತಾರೆ. ವಿಮಾನ ಚಾಲಕರ ಕೆಲಸದ ನಿಯಮಗಳ ಚರಿತ್ರೆಯಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೇ ನಡೆದು ಬಂದಿವೆ.

ಚರಿತ್ರೆ ಶುರುವಾಗುವುದು ಅಮೆರಿಕದಲ್ಲಿ. 1920ರ ದಶಕದ ಪೈಲಟ್ ಟಪಾಲು ಹೊತ್ತು ಹಾರುವ ಸಾಹಸಿ. ಕೆಟ್ಟ ಹವೆಯಲ್ಲೂ ಹಾರಲೇಬೇಕು, ಇಲ್ಲವೆಂದರೆ ಕೆಲಸ ಹೋಗುತ್ತಿತ್ತು. 1929ರ ಆರ್ಥಿಕ ಕುಸಿತದ ನಂತರ ಕಂಪನಿಗಳು ಸಂಬಳಕ್ಕೆ ಕೈಹಾಕಿದವು. 1931ರಲ್ಲಿ ಡೇವಿಡ್ ಬೆಂಕ್ ಎಂಬ ಪೈಲಟ್‌ನ ಮುಂದಾಳತ್ವದಲ್ಲಿ ಷಿಕಾಗೋದಲ್ಲಿ ‘ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್’ ಹುಟ್ಟಿತು. ಮರುವರ್ಷವೇ ಸೆಂಚುರಿ ಏರ್‌ಲೈನ್ಸ್ ಎಂಬ ಕಂಪನಿ ಸಂಬಳ ಕಡಿತಕ್ಕೆ ಒಪ್ಪದ ಪೈಲಟ್‌ಗಳನ್ನು ಹೊರಗಟ್ಟಿತು. ಅದರ ಒಡೆಯ ಇ. ಎಲ್. ಕಾರ್ಡ್. ಅಂದು ಕಾಂಗ್ರೆಸ್ ಸದಸ್ಯರಾಗಿದ್ದ ಫಿಯೊರೆಲ್ಲೊ ಲಾ ಗಾರ್ಡಿಯಾ ಪೈಲಟ್‌ಗಳ ಪರ ನಿಂತರು.

ನಿಜವಾದ ತಕರಾರು ಬಂದದ್ದು ವಿಮಾನಗಳ ವೇಗ ಹೆಚ್ಚಿದಾಗ. ಅಲ್ಲಿಯವರೆಗೆ ಹಾರಿದ ಮೈಲಿಗೂ ದುಡ್ಡು ಸಿಗುತ್ತಿತ್ತು. ಹೊಸ ವಿಮಾನಗಳು ಅದೇ ದೂರವನ್ನು ಕಡಿಮೆ ಹೊತ್ತಿನಲ್ಲಿ ಕ್ರಮಿಸುವುದರಿಂದ ಇನ್ನು ಮುಂದೆ ಗಂಟೆಗೆ ಮಾತ್ರ ಸಂಬಳ ಎಂದು ದೊಡ್ಡ ಕಂಪನಿಗಳು ಹೊರಟವು. ಯಂತ್ರ ವೇಗವಾದರೆ ಲಾಭ ಯಾರಿಗೆ, ದುಡಿಯುವವನಿಗೆ ಪಾಲುಂಟೋ ಇಲ್ಲವೋ? ಗಿರಣಿಗಳಲ್ಲಿ ಎದ್ದ ಪ್ರಶ್ನೆಯೇ ಆಕಾಶದಲ್ಲೂ ಎದ್ದಿತು. 1934ರ ಮೇ 10ರಂದು ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಮಂಡಳಿ ‘83ನೇ ತೀರ್ಪು’ ಎಂದು ಹೆಸರಾದ ತೀರ್ಮಾನ ಕೊಟ್ಟಿತು. ಸೇವಾವಧಿಗೆ ತಕ್ಕ ಮೂಲ ವೇತನ, ಗಂಟೆಯ ವೇತನ, ಅದರ ಮೇಲೆ ಮೈಲಿಯ ಪಾಲು. ಜೊತೆಗೆ ತಿಂಗಳಿಗೆ 85 ಗಂಟೆಗಿಂತ ಹೆಚ್ಚು ಹಾರಿಸಕೂಡದು ಎಂಬ ಮಿತಿ. 1938ರ ನಾಗರಿಕ ವಿಮಾನಯಾನ ಕಾಯಿದೆ ಈ ತೀರ್ಪನ್ನು ತನ್ನೊಳಗೇ ಸೇರಿಸಿಕೊಂಡಿತು. ಸಂಬಳದ ಜಗಳದಲ್ಲಿ ಹುಟ್ಟಿದ ಮಿತಿಯೊಂದು ದೇಶದ ಕಾನೂನಿನಲ್ಲಿ ನೆಲೆಯೂರಿದ್ದು ಹೀಗೆ.

ಮಿತಿ ಬಂದಿತು. ಆ 85 ಗಂಟೆಯೊಳಗೆ ಯಾವ ಹಾರಾಟ ಯಾರಿಗೆ? ಹಗಲಿನದು ಯಾರಿಗೆ, ನಟ್ಟಿರುಳಿನದು ಯಾರಿಗೆ? ಇದಕ್ಕೆ ಪೈಲಟ್‌ಗಳು ರೈಲ್ವೆ ನೌಕರರಂತೆ ಸೇವಾ ಹಿರಿತನದ ದಾರಿ ಹಿಡಿದರು. ಕೆಲಸಕ್ಕೆ ಸೇರಿದ ದಿನಾಂಕದ ಪ್ರಕಾರ ಒಂದು ಪಟ್ಟಿ. ಮೇಲಿದ್ದವನ ಆಯ್ಕೆ ಮೊದಲು, ಕೆಳಗಿದ್ದವನದು ಕೊನೆಗೆ. ಇದರಲ್ಲಿ ಮೇಲಧಿಕಾರಿಯ ಮರ್ಜಿಗೆ ಜಾಗವಿಲ್ಲ. ಸಲಾಂ ಹೊಡೆದವನಿಗೆ ಒಳ್ಳೆಯ ಪಾಳಿ, ಎದುರು ಮಾತಾಡಿದವನಿಗೆ ಶಿಕ್ಷೆಯ ಪಾಳಿ ಎಂಬ ಪದ್ಧತಿಗೆ ಅದು ಕಡಿವಾಣ ಹಾಕಿತು.

ಆದರೆ ಸಾಲು ನ್ಯಾಯವಾಗಿದ್ದರೆ ಸಾಲದು, ಸಾಲಿಗೆ ಸೇರುವ ಬಾಗಿಲೂ ನ್ಯಾಯವಾಗಿರಬೇಕು. ಅದೇ ಪೈಲಟ್ ಸಂಘದ ನಿಯಮಾವಳಿ 1942ರವರೆಗೆ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂದು ಹೇಳುತ್ತಿತ್ತು. ವಾಯುಪಡೆಯಲ್ಲಿ ಹಾರಿ ಅನುಭವವಿದ್ದ ಕಪ್ಪು ಪೈಲಟ್ ಮಾರ್ಲನ್ ಗ್ರೀನ್ 1957ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ಗೆ ಅರ್ಜಿ ಹಾಕಿದರು. ಕೆಲಸ ಸಿಗಲಿಲ್ಲ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1963ರಲ್ಲಿ ಅವರ ಪರವಾಗಿ ತೀರ್ಮಾನವಾಯಿತು. ಅವರು ಆ ಕಂಪನಿಯ ವಿಮಾನ ಹಾರಿಸಲು ತೊಡಗಿದ್ದು 1965ರಲ್ಲಿ. ದಿನಾಂಕವೇ ಎಲ್ಲವನ್ನೂ ನಿರ್ಧರಿಸುವ ವೃತ್ತಿಯಲ್ಲಿ ಎಂಟು ವರ್ಷ ಬಾಗಿಲಲ್ಲೇ ನಿಲ್ಲಿಸುವುದು ಎಂದರೇನು ಎಂಬುದನ್ನು ನಾವು ಊಹಿಸಿಕೊಳ್ಳಬಹುದು.

ಹಳೆಯ ಪದ್ಧತಿ ನಡೆಯುತ್ತಿದ್ದ ಬಗೆ ಹೀಗೆ. ಕಂಪನಿ ತಿಂಗಳ ಎಲ್ಲ ಹಾರಾಟಗಳನ್ನು ಜೋಡಿಸಿ ತುಂಡುಗಳನ್ನಾಗಿ ಮಾಡುತ್ತದೆ. ಒಂದು ತುಂಡು ಎಂದರೆ ಸ್ವಂತ ಊರಿನಿಂದ ಹೊರಟು ಎರಡು ಮೂರು ಊರು ಸುತ್ತಿ ಮರಳುವ ಪ್ರಯಾಣ. ಅಂಥ ತುಂಡುಗಳನ್ನು ಪೋಣಿಸಿ ತಿಂಗಳ ‘ಲೈನ್’ ತಯಾರಿಸುತ್ತದೆ. ಆ ಲೈನುಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ಪೈಲಟ್‌ಗಳು ತಮ್ಮ ಇಷ್ಟದ ಕ್ರಮ ಬರೆದು ಕೊಡುತ್ತಾರೆ. ಹಿರಿತನದ ಪ್ರಕಾರ ಹಂಚಿಕೆಯಾಗುತ್ತದೆ. ಯಾವ ಲೈನೂ ಸಿಗದ ಕಿರಿಯರು ‘ರಿಸರ್ವ್’ ಆಗಿ ಫೋನಿನ ಪಕ್ಕ ಕಾದು ಕೂರಬೇಕು. ಹಿರಿಯನಿಗೆ ಕ್ರಿಸ್ಮಸ್ ಮನೆಯಲ್ಲಿ, ಕಿರಿಯನಿಗೆ ಯಾವುದೋ ಊರಿನ ಹೋಟೆಲಿನಲ್ಲಿ. ಆದರೂ ಎಲ್ಲವೂ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು.

ಇದರ ಸುತ್ತ ಕರಾರಿನ ನಿಯಮಗಳು ಬೆಳೆದವು. ಪೈಲಟ್‌ನ ಸಂಬಳದ ಗಂಟೆ ಶುರುವಾಗುವುದು ವಿಮಾನ ನಿಂತಲ್ಲಿಂದ ಕದಲಿದಾಗ, ಮುಗಿಯುವುದು ಮತ್ತೆ ಬಂದು ನಿಂತಾಗ. ನಡುವೆ ನಿಲ್ದಾಣದಲ್ಲಿ ನಾಲ್ಕು ಗಂಟೆ ಕಾದರೆ ಅದು ಲೆಕ್ಕಕ್ಕಿಲ್ಲ. ಹೀಗಾಗಿ ಸಂಘಗಳು ಹೊಸ ಷರತ್ತು ತಂದವು: ಕೆಲಸದ ಮೇಲಿರುವ ಇಂತಿಷ್ಟು ಗಂಟೆಗೆ, ಮನೆಯಿಂದ ದೂರವಿರುವ ಇಂತಿಷ್ಟು ಗಂಟೆಗೆ ಕನಿಷ್ಠ ಒಂದು ಗಂಟೆಯ ಸಂಬಳ ಕೊಡಲೇಬೇಕು. ನೋಡಲಿಕ್ಕೆ ಇದು ದುಡ್ಡಿನ ಷರತ್ತು. ಆದರೆ ಕಾಯಿಸುವುದಕ್ಕೆ ಬೆಲೆ ಬಿದ್ದ ಕೂಡಲೇ ಕಂಪನಿ ವ್ಯರ್ಥ ಕಾಯುವಿಕೆಯಿಲ್ಲದ ಪಟ್ಟಿಗಳನ್ನು ತಯಾರಿಸತೊಡಗುತ್ತದೆ. ಯಾವ ಸುರಕ್ಷತಾ ಭಾಷಣವೂ ಮಾಡದ ಕೆಲಸವನ್ನು ಆ ಷರತ್ತು ಮಾಡಿತು.

ಮುಂದೆ ಕಂಪ್ಯೂಟರ್ ಬಂದಿತು. ‘ಪ್ರಿಫರೆನ್ಷಿಯಲ್ ಬಿಡ್ಡಿಂಗ್’ ಎಂಬ ಹೊಸ ಪದ್ಧತಿಯಲ್ಲಿ ಸಿದ್ಧ ಲೈನುಗಳಿಲ್ಲ. ಪೈಲಟ್ ತನ್ನ ಬಯಕೆಗಳನ್ನು ಹೇಳುತ್ತಾನೆ: ವಾರಾಂತ್ಯ ರಜೆ ಬೇಕು, ಮುಂಜಾನೆಯ ಪಾಳಿ ಬೇಡ, ಇಂಥ ಊರು ಬೇಕು. ಯಂತ್ರ ಎಲ್ಲರ ಬಯಕೆಯನ್ನೂ ಎಲ್ಲ ಹಾರಾಟಗಳನ್ನೂ ಎದುರುಬದುರು ಇಟ್ಟು ಪ್ರತಿಯೊಬ್ಬನಿಗೂ ಬೇರೆಯೇ ಲೈನ್ ಹೆಣೆಯುತ್ತದೆ. ಇಲ್ಲೂ ಹಿರಿತನವೇ ಕ್ರಮ. ತಮ್ಮ ಮನೆಯ ಅಗತ್ಯಕ್ಕೆ ತಕ್ಕ ತಿಂಗಳನ್ನು ಕೇಳಬಹುದೆಂದು ಇದನ್ನು ಮೆಚ್ಚಿದ ಪೈಲಟ್‌ಗಳೂ ಇದ್ದಾರೆ.

ಕಳೆದದ್ದು ಕಣ್ಣಿಗೆ ಕಾಣದ ಜಾಗದಲ್ಲಿ. ಹಳೆಯ ಪದ್ಧತಿಯಲ್ಲಿ ಲೈನಿನ ಹಾರಾಟವೊಂದು ಮಂಜೂರಾದ ರಜೆಗೆ ತಾಗಿದರೆ ಆ ಇಡೀ ಹಾರಾಟ ಬಿಟ್ಟುಹೋಗುತ್ತಿತ್ತು. ಎಷ್ಟೋ ಕರಾರುಗಳಲ್ಲಿ ಅದರ ಸಂಬಳವೂ ಸಿಗುತ್ತಿತ್ತು. ಒಂದು ವಾರದ ರಜೆ ಹೀಗೆ ಹತ್ತು ಹನ್ನೆರಡು ದಿನ ಆಗುತ್ತಿತ್ತು. ಹೊಸ ಯಂತ್ರಕ್ಕೆ ರಜೆಯ ದಿನಗಳು ಮೊದಲೇ ಗೊತ್ತು. ಅದು ತಾಗದಂತೆಯೇ ಹೆಣೆಯುತ್ತದೆ. ಸಂಬಳದ ದರ ಒಂದು ಪೈಸೆಯೂ ಕಡಿಮೆಯಾಗಲಿಲ್ಲ, ರಜೆಯ ನಿಯಮದ ಒಂದಕ್ಷರವೂ ಬದಲಾಗಲಿಲ್ಲ. ಆದರೂ ದಿನಗಳು ಹೋದವು. ಅದೇ ಕೆಲಸಕ್ಕೆ ಕಡಿಮೆ ಪೈಲಟ್‌ಗಳು ಸಾಕಾದರು. ಹೀಗಾಗಿಯೇ ಅಮೆರಿಕದ ಸಂಘಗಳು ಈ ಪದ್ಧತಿಯ ಬಗ್ಗೆ ಅಷ್ಟು ಚೌಕಾಸಿ ಮಾಡಿದವು. ಎಲ್ಲರಿಗೂ ಕಾಣುವ ಪಟ್ಟಿಯ ಬದಲು ಯಂತ್ರದ ಹೊಟ್ಟೆಯೊಳಗಿನ ಲೆಕ್ಕವನ್ನು ಪರಿಶೀಲಿಸಲು ಸಂಘದವರೇ ಹೊಸ ವಿದ್ಯೆ ಕಲಿಯಬೇಕಾಯಿತು.

ಕರಾರು ದುರ್ಬಲವಾಗಿರುವ ಕಡೆ ಏನಾಗುತ್ತದೆ? 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ಬಳಿ ಕೋಲ್ಗನ್ ಏರ್ ಎಂಬ ಸಣ್ಣ ಕಂಪನಿಯ ವಿಮಾನ ಬಿದ್ದು 50 ಮಂದಿ ಸತ್ತರು. ದೊಡ್ಡ ಕಂಪನಿಯ ಹೆಸರಿನಲ್ಲಿ ಕಡಿಮೆ ಸಂಬಳದ ಸಿಬ್ಬಂದಿಯಿಂದ ಹಾರಿಸುವ ಗುತ್ತಿಗೆಯ ವ್ಯವಸ್ಥೆ ಅದು. ಸಹ ಪೈಲಟ್ ತನ್ನ ಮನೆಯಿರುವ ಸಿಯಾಟಲ್ ಕಡೆಯಿಂದ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಕುಳಿತು ನೆವಾರ್ಕಿಗೆ ಕೆಲಸಕ್ಕೆ ಬಂದಿದ್ದರು. ಅಪಘಾತಕ್ಕೆ ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆಯೇ ಕಾರಣ ಎಂದು ತನಿಖೆ ಹೇಳಿತು. ಆಯಾಸ ಇಬ್ಬರನ್ನೂ ಬಾಧಿಸಿರಬಹುದು, ಎಷ್ಟರ ಮಟ್ಟಿಗೆ ಎಂದು ಅಳೆಯಲಾಗದು ಎಂದಿತು. ಸತ್ತವರ ಕುಟುಂಬಗಳು ಸುಮ್ಮನಿರಲಿಲ್ಲ. ಅವರ ಒತ್ತಾಯದಿಂದ 2010ರಲ್ಲಿ ಕಾನೂನು ಬಂದು, 2014ರ ಜನವರಿಯಿಂದ ಹೊಸ ನಿಯಮ ಜಾರಿಯಾಯಿತು. ಕೆಲಸ ಶುರುವಾಗುವ ಹೊತ್ತಿಗೆ ತಕ್ಕಂತೆ ಪಾಳಿಯ ಮಿತಿ, ಹತ್ತು ಗಂಟೆಯ ಬಿಡುವು, ಅದರಲ್ಲಿ ಎಂಟು ಗಂಟೆ ನಿದ್ದೆಗೆ ಅವಕಾಶ. ಸರಕು ವಿಮಾನಗಳನ್ನು ಮಾತ್ರ ಹೊರಗಿಡಲಾಯಿತು. ರಾತ್ರಿಯೇ ಹೆಚ್ಚು ಹಾರುವವರಿಗೆ ನಿದ್ದೆಯ ಕಾನೂನು ಅನ್ವಯಿಸಲಿಲ್ಲ!

ಯುರೋಪಿನ ರಯಾನೇರ್ ಕಂಪನಿಯ ಕತೆ ಬೇರೆ. ಬಹಳಷ್ಟು ಪೈಲಟ್‌ಗಳನ್ನು ಅದು ಏಜೆನ್ಸಿಗಳ ಮೂಲಕ ಗುತ್ತಿಗೆಯ ಮೇಲೆ ದುಡಿಸಿತು. ದಶಕಗಳ ಕಾಲ ಸಂಘಗಳ ಜೊತೆ ಮಾತುಕತೆಗೇ ಒಪ್ಪಲಿಲ್ಲ. 2017ರ ಸೆಪ್ಟೆಂಬರಿನಲ್ಲಿ ಪೈಲಟ್‌ಗಳಿಗೆ ಕೊಡಬೇಕಾದ ರಜೆಯ ಲೆಕ್ಕ ತಪ್ಪಿತು. ಸಾವಿರಾರು ಹಾರಾಟಗಳು ರದ್ದಾದವು. ಡಿಸೆಂಬರಿನಲ್ಲಿ ಕಂಪನಿ ಮೊದಲ ಬಾರಿಗೆ ಸಂಘಗಳನ್ನು ಮಾನ್ಯ ಮಾಡಲು ಒಪ್ಪಿತು.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಪೈಲಟ್‌ನ ವಿಶ್ರಾಂತಿ ಮುಖ್ಯವಾಗಿ ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಬರೆಯುವ ನಿಯಮವನ್ನು ಅವಲಂಬಿಸಿದೆ. 1992ರ ಸುತ್ತೋಲೆಯೊಂದು ಬಹುಕಾಲ ನಡೆಯಿತು. 2007ರ ಜುಲೈಯಲ್ಲಿ ಹೊಸ ನಿಯಮ ಬಂತು. ಕಂಪನಿಗಳು ಆಕ್ಷೇಪಿಸಿದವು. 2008ರಲ್ಲಿ ಅದನ್ನು ತಡೆಹಿಡಿದು ಮತ್ತೆ 1992ರದ್ದನ್ನೇ ಮುಂದುವರಿಸಲಾಯಿತು. ಪೈಲಟ್ ಸಂಘಗಳು ನ್ಯಾಯಾಲಯಕ್ಕೆ ಹೋದವು. ನಿಯಮ ಮಾಡುವ ಅಧಿಕಾರ ಇರುವವರಿಗೆ ತಡೆಹಿಡಿಯುವ ಅಧಿಕಾರವೂ ಇದೆ ಎಂದು ಸುಪ್ರೀಂ ಕೋರ್ಟ್ 2011ರ ಮೇ 3ರಂದು ಹೇಳಿತು. ಅದೇ ವರ್ಷ ಹೊಸ ನಿಯಮ ಬಂತು. ಮಂಗಳೂರಿನ ದುರಂತ ನಡೆದದ್ದು ಈ ತಡೆಯ ಅವಧಿಯಲ್ಲಿ. 2007ರ ನಿಯಮ ಇದ್ದಿದ್ದರೆ ಆ ವಿಮಾನ ಬೀಳುತ್ತಿರಲಿಲ್ಲ ಎಂದು ನಾವು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ನಿದ್ದೆಯ ಮಿತಿಯೊಂದನ್ನು ಮೇಜಿನ ಮೇಲಿಟ್ಟು ಮತ್ತೆ ಖಾನೆಗೆ ಸೇರಿಸಬಹುದಾಗಿತ್ತು ಎಂಬುದಷ್ಟೇ ನಮ್ಮ ಮಾತು.

ಅದೇ ನಾಟಕ ಮತ್ತೊಮ್ಮೆ ನಡೆಯಿತು. 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟವಾಯಿತು: ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ, ರಾತ್ರಿಯ ಲ್ಯಾಂಡಿಂಗ್ ಆರರಿಂದ ಎರಡಕ್ಕೆ, ‘ರಾತ್ರಿ’ ಎಂದರೆ ಬೆಳಗಿನ ಐದರ ಬದಲು ಆರರವರೆಗೆ. ಕಂಪನಿಗಳು ಕಾಲಾವಕಾಶ ಕೇಳಿದವು, ಜಾರಿ ಮುಂದಕ್ಕೆ ಹೋಯಿತು. ಸಂಘಗಳು ದೆಹಲಿ ಹೈಕೋರ್ಟಿಗೆ ಹೋದ ಮೇಲೆ 2025ರ ಜುಲೈ ಮತ್ತು ನವೆಂಬರ್ ತಿಂಗಳಲ್ಲಿ ಎರಡು ಕಂತಿನಲ್ಲಿ ಜಾರಿಯಾಯಿತು. ಸುಮಾರು ಒಂದು ತಿಂಗಳಲ್ಲಿ ಇಂಡಿಗೋ ಕಂಪನಿಯ ಪಾಳಿ ಪಟ್ಟಿ ಕುಸಿದುಬಿತ್ತು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲೂ ಜನ ಸೂಟ್‌ಕೇಸುಗಳ ನಡುವೆ ರಾತ್ರಿ ಕಳೆದರು. ಸರಕಾರ ಆ ಕಂಪನಿಗೆ 2026ರ ಫೆಬ್ರವರಿ 10ರವರೆಗೆ ರಾತ್ರಿಯ ನಿಯಮಗಳಿಂದ ವಿನಾಯಿತಿ ಕೊಟ್ಟಿತು. ಸುಮಾರು ಎರಡು ವರ್ಷ ಮುಂಚೆ ಗೊತ್ತಿದ್ದ ನಿಯಮಕ್ಕೆ ಬೇಕಾದ ಪೈಲಟ್‌ಗಳನ್ನು ಸಿದ್ಧಪಡಿಸದವರಿಗೆ ಸಿಕ್ಕಿದ್ದು ವಿನಾಯಿತಿ. ಅದರ ಬೆಲೆ ತೆತ್ತದ್ದು ಪೈಲಟ್‌ಗಳ ರಾತ್ರಿ.

ಎರಡು ವ್ಯವಸ್ಥೆಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ವ್ಯತ್ಯಾಸ ಕಾಣುತ್ತದೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಕಾನೂನಿನ ಮಿತಿ ನೆಲ, ಕರಾರು ಅದರ ಮೇಲೆ ಕಟ್ಟಿದ ಮನೆ. ನಮ್ಮಲ್ಲಿ ಕರಾರು ತೆಳು, ಹೀಗಾಗಿ ನೆಲವೇ ಎಲ್ಲ. ಕನಿಷ್ಠ ವಿಶ್ರಾಂತಿಯೇ ಗರಿಷ್ಠವಾಗಿಬಿಡುತ್ತದೆ, ಕಾನೂನು ಕೊಟ್ಟ ಗಡಿಯವರೆಗೂ ಪಟ್ಟಿ ಹಿಗ್ಗುತ್ತದೆ. ಪೈಲಟ್‌ನನ್ನು ಕಟ್ಟಿಹಾಕುವ ಹಗ್ಗ ಎರಡೂ ಕಡೆ ಇದೆ. ಅಲ್ಲಿ ಕಂಪನಿ ಬದಲಿಸಿದರೆ ಹಿರಿತನ ಹೋಗಿ ಸಾಲಿನ ಕೊನೆಗೆ ನಿಲ್ಲಬೇಕು. ಇಲ್ಲಿ 2017ರ ನಿಯಮದ ಪ್ರಕಾರ ಕ್ಯಾಪ್ಟನ್ ಒಂದು ವರ್ಷ, ಸಹ ಪೈಲಟ್ ಆರು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಬಿಟ್ಟು ಹೋಗುವುದು ಕಷ್ಟವಾದಾಗ ಇದ್ದಲ್ಲೇ ಮಾತಾಡುವ ಹಕ್ಕು ಹೆಚ್ಚು ಮುಖ್ಯವಾಗುತ್ತದೆ.

ಪೈಲಟ್ ಎಂದರೆ ಒಳ್ಳೆಯ ಸಂಬಳದವನು, ಅವನ ಬಗ್ಗೆ ಮರುಕ ಯಾಕೆ ಎಂದು ಕೆಲವರು ಕೇಳಬಹುದು. ಇದು ಮರುಕದ ಮಾತಲ್ಲ. ಅವನ ನಿದ್ದೆ ಅವನೊಬ್ಬನದಲ್ಲ. ಎರಡು ವರ್ಷ ದುಡಿದು ಮಗಳ ಮದುವೆಗೆಂದು ಊರಿಗೆ ಹೊರಟವನು, ಮೊದಲ ಸಲ ಮಗುವಿನ ಮುಖ ನೋಡಲು ಹೊರಟವನು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚುವುದು ಮುಂದೆ ಕೂತವನ ಕಣ್ಣು ತೆರೆದಿದೆ ಎಂಬ ಭರವಸೆಯಿಂದ. ಆ ಭರವಸೆ ಟಿಕೆಟ್ಟಿನಲ್ಲಿ ಬರೆದಿರುವುದಿಲ್ಲ. ತಿಂಗಳ ಮೊದಲೇ ಯಾವುದೋ ಕಚೇರಿಯಲ್ಲಿ ತಯಾರಾಗುವ ಪಾಳಿ ಪಟ್ಟಿಯಲ್ಲಿ ಅದು ಇರುತ್ತದೆ ಅಥವಾ ಇರುವುದಿಲ್ಲ. ಆ ಪಟ್ಟಿಯ ಬಗ್ಗೆ ಮಾತಾಡುವ ಹಕ್ಕು ಹಾರಿಸುವವನಿಗೆ ಇರುವಷ್ಟು ಕಾಲ ಹಾರುವವನಿಗೂ ಕರಾರ್ ಇರುತ್ತದೆ.