ಡೆಂಡ್ರೈಟ್ ಚಿತ್ರಗಳು

ಹಸಿ ಜಲವರ್ಣವನ್ನು ಕಾಗದದ ಮೇಲಿಟ್ಟು ಒತ್ತಿ ತೆಗೆದಾಗ ತಾನಾಗಿ ಮೂಡುವ ಕವಲುಗವಲಾದ ಆಕೃತಿಗಳಲ್ಲಿ ಗಿರಿ, ವನ, ಸರೋವರಗಳನ್ನು ಕಂಡು, ಕುಂಚದಿಂದ ಅವನ್ನು ಪೂರ್ಣಗೊಳಿಸಿ ರಚಿಸಿದ ಕಲ್ಪಿತ ಭೂದೃಶ್ಯಗಳು. ಶಿಲೆಯ ಬಿರುಕುಗಳಲ್ಲಿ ಮ್ಯಾಂಗನೀಸ್ ಆಕ್ಸೈಡು ಮರದ ಕೊಂಬೆಯಂತೆ ಹಬ್ಬಿ ಉಳಿಸುವ ಗುರುತಿಗೆ ಖನಿಜಶಾಸ್ತ್ರದಲ್ಲಿರುವ ಹೆಸರನ್ನೇ ಫ್ರೆಂಚ್ ಕಾದಂಬರಿಕಾರ್ತಿ ಜಾರ್ಜ್ ಸ್ಯಾಂಡ್ (1804–1876) ತನ್ನ ಈ ಚಿತ್ರಗಳಿಗೆ ಕೊಟ್ಟಳು.

ಆಕಸ್ಮಿಕವಾದ ಕಲೆಯಲ್ಲಿ ದೃಶ್ಯವನ್ನು ಕಾಣುವ ಅಭ್ಯಾಸ ಪುರಾತನವಾದುದು: 11ನೆಯ ಶತಮಾನದ ಚೀನೀ ವಿದ್ವಾಂಸ ಶೆನ್ ಕುವೊ ಪಾಳುಗೋಡೆಯ ಮೇಲೆ ಹರಡಿದ ರೇಷ್ಮೆಯಲ್ಲಿ ಪರ್ವತಗಳನ್ನು ಕಾಣಬೇಕೆಂಬ ಬೋಧೆಯನ್ನು ದಾಖಲಿಸಿದ್ದಾನೆ, ಲಿಯೊನಾರ್ಡೊ ಗೋಡೆಯ ಕಲೆಗಳ ವಿಷಯದಲ್ಲಿ ಇಂಥದನ್ನೇ ಹೇಳಿದ್ದಾನೆ.

ಗೊಂದಲವಿರುವುದು ಮುಂದಿನ ಘಟ್ಟದಲ್ಲಿ. ಇಂಗ್ಲೆಂಡಿನ ಅಲೆಕ್ಸಾಂಡರ್ ಕೊಜೆನ್ಸನು (1717–1786) 1785ರ ಸುಮಾರಿಗೆ ಪ್ರಕಟಿಸಿದ ಮಸಿಕಲೆಯ ಪದ್ಧತಿಯನ್ನೂ, ಸ್ಯಾಂಡಳ ಚಿತ್ರಗಳನ್ನೂ, 20ನೆಯ ಶತಮಾನದ ಸರ್ರಿಯಲಿಸ್ಟರ ಪ್ರಯೋಗಗಳನ್ನೂ ಒಂದೇ ಕ್ರಮದ ಮೂರು ರೂಪಗಳೆಂದು ಭಾವಿಸುವುದುಂಟು; ಇದು ಸರಿಯಲ್ಲ. ಕೊಜೆನ್ಸನ ಶಿಷ್ಯನು ದೃಶ್ಯದ ಸ್ಥೂಲ ಕಲ್ಪನೆಯೊಂದನ್ನು ಮೊದಲೇ ಮನಸ್ಸಿನಲ್ಲಿ ಧರಿಸಿ, ವಿವರಗಳನ್ನು ಮಾತ್ರ ಕೈಯ ವೇಗಕ್ಕೆ ಬಿಟ್ಟು, ಕುಂಚದಿಂದ ಮಸಿಯ ಕಪ್ಪು ರಾಶಿಗಳನ್ನು ಮಾಡಿ, ಅನಂತರ ಅವುಗಳ ಮೇಲೆ ಪಾರದರ್ಶಕ ಕಾಗದವನ್ನಿಟ್ಟು ಚಿತ್ರವನ್ನು ತೆಗೆಯಬೇಕಾಗಿದ್ದಿತು. ಅಲ್ಲಿ ಆಕಸ್ಮಿಕತೆ ಇದ್ದುದು ಕೈಯಲ್ಲಿ. ಸ್ಯಾಂಡಳಲ್ಲಿ ಅದು ವರ್ಣದ್ರವ್ಯದಲ್ಲಿಯೇ ಇದೆ. ಒತ್ತಿದ ಕಾಗದವನ್ನು ಎತ್ತುವಾಗ ತೆಳುವಾಗಿ ಹರಡಿದ ಬಣ್ಣದೊಳಕ್ಕೆ ಗಾಳಿ ನುಗ್ಗಿ ಅದನ್ನು ಕವಲೊಡೆಸುವುದರಿಂದ, ಯಾವ ಕುಂಚವೂ ಬರೆಯಲಾರದಷ್ಟು ಸೂಕ್ಷ್ಮವಾದ ಜರೀಗಿಡದಂಥ ರಚನೆ ಅಲ್ಲಿ ಉಳಿಯುತ್ತದೆ.

ಯೌವನದಲ್ಲಿ ಚಿತ್ರಕಲೆಯಿಂದಲೇ ಜೀವನೋಪಾಯವನ್ನು ಅರಸಿದ್ದ ಈಕೆ, 1864ರಲ್ಲಿ ಸ್ಫಟಿಕದೊಳಗಿನ ಯಾತ್ರೆಯನ್ನು ವಸ್ತುವಾಗಿ ಉಳ್ಳ 'ಲೋರಾ' ಎಂಬ ಕೃತಿಯನ್ನು ಪ್ರಕಟಿಸಿದ್ದಳೆಂಬುದನ್ನು ಸ್ಮರಿಸಿದರೆ, ನೋಆಂ ಗ್ರಾಮದ ಮನೆಯಲ್ಲಿ ಕಡೆಗಾಲದಲ್ಲಿ ಕೈಗೊಂಡ ಈ ಕೆಲಸವನ್ನು ವೃದ್ಧೆಯ ಕಾಲಹರಣವೆಂದು ತಳ್ಳಿಹಾಕುವುದು ಅನ್ಯಾಯವೆಂದು ತೋರದಿರದು; ಶಿಲೆಯ ಬಗೆಗಿನ ಅದೇ ಆಸಕ್ತಿ ಇಲ್ಲಿ ಬಣ್ಣಕ್ಕೆ ಇಳಿದಿದೆ. ಮೊಮ್ಮಗಳು ಓರೋರ್ 1923ರಲ್ಲಿ ಪ್ಯಾರಿಸ್ ನಗರಕ್ಕೆ ದಾನಮಾಡಿದ ಸ್ಯಾಂಡಳ ಸಂಪತ್ತಿನ ಬಹುಭಾಗ ಇಂದು ಅಲ್ಲಿಯ ರಮ್ಯಜೀವನ ವಸ್ತುಸಂಗ್ರಹಾಲಯದಲ್ಲಿದ್ದು, ಡೆಂಡ್ರೈಟ್ ಚಿತ್ರಗಳನ್ನು ಅಲ್ಲಿ ನೋಡಬಹುದು.

ಸ್ಪೇನಿನ ಸರ್ರಿಯಲಿಸ್ಟ್ ಆಸ್ಕರ್ ಡೊಮಿಂಗೆಸ್ 1935–36ರಲ್ಲಿ ಕಪ್ಪು ಗುವಾಶ್ ಬಣ್ಣವನ್ನು ಕಾಗದಗಳ ನಡುವೆ ಒತ್ತಿ ಮಾಡಿದ ಪ್ರಯೋಗಗಳು 'ಡೆಕಾಲ್ಕೊಮೇನಿಯ' ಎಂಬ ಹೆಸರಿನಿಂದ ಪ್ರಸಿದ್ಧವಾದುವು. ಅವುಗಳನ್ನು ಈ ವಿಧಾನದ ಆರಂಭವೆಂದು ಗಣಿಸುವವರು ಸ್ಯಾಂಡಳ ಸುಮಾರು 60 ವರ್ಷಗಳ ಹಿಂದಿನ ಕೃತಿಗಳನ್ನು ಮರೆತಿರುತ್ತಾರೆ. ಆದರೆ ಆತನು ಪೂರ್ವನಿಶ್ಚಿತ ವಸ್ತುವೇ ಇಲ್ಲದ ಆಕೃತಿಯನ್ನು ಬಯಸಿದನು. ಆಕೆ ಮೂಡಿದ ಆಕೃತಿಯ ಪಕ್ಕದಲ್ಲಿ ಒಂದು ಆಕಾಶವನ್ನೂ, ನೀರಿನ ಅಂಚನ್ನೂ ಬರೆಯುತ್ತಿದ್ದಳು.