ಪೀಣ್ಯದ ಕ್ಯಾಸೆಟ್ ಅಂಗಡಿಗಳು ಎಲ್ಲಿ ಹೋದವು?

ಪೀಣ್ಯದ ಫ್ಯಾಕ್ಟರಿಗಳಿಗೆ ದುಡಿಯಲು ಹೋದ ನಮ್ಮೂರಿನವರು ಹಬ್ಬಕ್ಕೆ ಬರುವಾಗ ಬ್ಯಾಗಿನಲ್ಲಿ ಎರಡಾದರೂ ಕ್ಯಾಸೆಟ್ ಇರುತ್ತಿದ್ದವು. ಮೂವತ್ತು ದಾಟಿದ ನಮಗೆಲ್ಲ ಇದು ನೆನಪಿದೆ. ಟೇಪು ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿದ್ದೂ ನೆನಪಿದೆ.

ಫಿಲಿಪ್ಸ್ ಕಂಪನಿ ಕ್ಯಾಸೆಟ್ ಹೊರತಂದಿದ್ದು 1963ರಲ್ಲಿ. ಅಲ್ಲಿವರೆಗೆ ಮನೆಯಲ್ಲಿ ಹಾಡು ಕೇಳಬೇಕೆಂದರೆ ರೇಡಿಯೊ, ಇಲ್ಲವೇ ಉಳ್ಳವರ ಮನೆಯ ಗ್ರಾಮಫೋನು. ಟೇಪ್ ರೆಕಾರ್ಡರ್ ಶೆಲ್ಲಿನಲ್ಲೂ ಓಡುತ್ತಿತ್ತು, ಕರೆಂಟಿಲ್ಲದ ಊರಿಗೆ ಅಷ್ಟು ಸಾಕಾಯಿತು. 1978ರಲ್ಲಿ ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಎಂದು ಅದನ್ನೇ ಹೇಳುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಲು ಹೊರಟಿತ್ತು. ಒಂದು ಇನ್ನೊಂದನ್ನು ನುಂಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು! 1987ರಲ್ಲಿ 'ಪ್ರೇಮಲೋಕ' ಬಂದಾಗಲಂತೂ ಹೋಟೆಲು, ಆಟೊ, ಸಲೂನು, ಎಲ್ಲೆಲ್ಲೂ ಹಂಸಲೇಖ.

ಅಂಗಡಿಯವರ ನಿಜವಾದ ದುಡಿಮೆ ಬೇರೆಯೇ ಇತ್ತು. ನಾವು ಚೀಟಿಯಲ್ಲಿ ಹಾಡುಗಳನ್ನು ಬರೆದುಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ಕಂಪನಿಗಳ ಲೆಕ್ಕದಲ್ಲಿ ಅದು ಕಳ್ಳತನ. ಮೂರು ಹಾಡಿಗಾಗಿ ಮೂರು ಕ್ಯಾಸೆಟ್ ಕೊಳ್ಳಲಾಗದವನಿಗೆ ಅದೊಂದೇ ದಾರಿ.

ಆಮೇಲಿನದು ಬೇಗ ಮುಗಿಯಿತು. ನೂರಕ್ಕೂ ಹೆಚ್ಚು ಹಾಡು ಹಿಡಿಯುವ ಎಂಪಿ3 ಸೀಡಿ ಬಂತು. 2001ರ ಜುಲೈನಲ್ಲಿ ಬೆಂಗಳೂರಿನಲ್ಲೇ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಯಿತು. ಅದೇ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೆಲವು ವರ್ಷ ತಳ್ಳಿದರು. 2016ರಲ್ಲಿ ಜಿಯೊ ಬಂದ ಮೇಲೆ ಅದೂ ನಿಂತಿತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಕಂಪನಿಗಳೆಲ್ಲ ಮುಳುಗಲಿಲ್ಲ. ಹಾಡಿನ ಹಕ್ಕು ಅವರ ಕೈಯಲ್ಲೇ ಇದೆ. 2022ರ ನವೆಂಬರಿನಲ್ಲಿ ಕೆಜಿಎಫ್-2 ಹಾಡನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊಗೆ ಬಳಸಿದರೆಂದು ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿದ್ದು ಪೀಣ್ಯಕ್ಕೆ ಹತ್ತಿರದ ಯಶವಂತಪುರ ಠಾಣೆಯಲ್ಲೇ. ಕೆಲಸ ಹೋಗಿದ್ದು ಅಂಗಡಿಯವನದು.

ಸಿನಿಮಾ ಹಾಡಿನ ಬಗ್ಗೆ ನಮಗೆ ಚಿಂತೆಯಿಲ್ಲ, ಫೋನಿನಲ್ಲಿ ಸಿಗುತ್ತವೆ. ಚಿಂತೆ ಇರುವುದು ಊರಿನ ಜಾತ್ರೆಯಲ್ಲಿ ಹಿಡಿದಿಟ್ಟ ಸೋಬಾನೆ, ತತ್ವಪದ, ಮೂಡಲಪಾಯದ ಭಾಗವತಿಕೆಯದು. ಅವು ಅಟ್ಟದ ಮೇಲಿನ ಡಬ್ಬದಲ್ಲಿ ಮಾತ್ರ ಇವೆ. ತೇವಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತದೆ, ಬಿಸಿಲಿಗೆ ಸೊಟ್ಟಗಾಗುತ್ತದೆ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಎಳೆದರೆ ಸಾಕು, ಹಾಡು ಫೈಲಾಗುತ್ತದೆ. ಅರ್ಧ ಗಂಟೆಯ ಹಾಡಿಗೆ ಅರ್ಧ ಗಂಟೆಯೇ ಬೇಕು, ಅವಸರ ನಡೆಯುವುದಿಲ್ಲ. ಅದಕ್ಕೂ ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಡಿ. ಮಕ್ಕಳು ತಪ್ಪಿ ಕೆಂಪು ಗುಂಡಿ ಒತ್ತಿದರೂ ಅಜ್ಜಿಯ ದನಿ ಅಳಿಸಿಹೋಗುವುದಿಲ್ಲ.