ಯೆಜ್ಡಿಯ ರಬ್ಬರ್ ಉಂಗುರ

ಗೋಕಾಕ ಫಾಲ್ಸಿನ ಏರುದಾರಿಯಲ್ಲಿ ಯೆಜ್ಡಿಯ ಸದ್ದು ಕೇಳಿ ಬೆಳೆದ ನನ್ನ ವಿದ್ಯಾರ್ಥಿಗಳಿಗೆ ಈ ಇತಿಹಾಸವನ್ನು ಹೇಳಬಯಸುತ್ತೇನೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಪರವಾನಗಿ ಪಡೆದು 1961ರಲ್ಲಿ ಮೋಟಾರ್ ಸೈಕಲ್ ತಯಾರಿಸತೊಡಗಿತು. 1996ರಲ್ಲಿ ಬಾಗಿಲು ಮುಚ್ಚಿತು. ಗಾಡಿಗಳು ಮಾತ್ರ ಓಡುತ್ತಲೇ ಇದ್ದವು. ಅನೇಕ ಸವಾರರು ತಾವೇ ದುರಸ್ತಿ ಕಲಿತದ್ದು ಇದಕ್ಕೊಂದು ಕಾರಣ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನಮಿಶ್ರಿತ ಗಾಳಿ ಮೊದಲು ಕ್ರ್ಯಾಂಕ್ ಕೇಸಿನಲ್ಲಿ ಒತ್ತಲ್ಪಡುತ್ತದೆ. ಅಲ್ಲಿ ಸೋರಿಕೆ ತಡೆಯುವುದು ಶಾಫ್ಟಿನ ಎರಡೂ ಬದಿಯ ರಬ್ಬರ್ ಸೀಲು. ವರ್ಷ ಕಳೆದಂತೆ ರಬ್ಬರು ಗಡಸಾಗುತ್ತದೆ. ಕ್ಲಚ್ ಬದಿಯದು ಸೋತರೆ ಗೇರ್ ಎಣ್ಣೆ ಒಳಸೇರಿ ದಟ್ಟಹೊಗೆ. ಇನ್ನೊಂದು ಸೋತರೆ ಹೊರಗಾಳಿ ನುಗ್ಗಿ ಎಂಜಿನ್ ಅತಿಯಾಗಿ ಕಾಯುತ್ತದೆ. ಶಾಫ್ಟನ್ನು ಶುಚಿಮಾಡಿ, ಹೊಸ ಸೀಲಿನ ಅಂಚಿಗೆ ಎಣ್ಣೆ ಸವರಿ, ಓರೆಯಾಗದಂತೆ ಕೂಡಿಸಬೇಕು.

ಕಾರ್ಖಾನೆ ಮುಚ್ಚಿದರೂ ವಿದ್ಯೆ ಉಳಿಯಿತು. ಕೈಗಳು ಮರೆತರೆ ಅದೂ ಹೋದೀತು. ಹಿತ್ತಿಲಲ್ಲಿ ಅಜ್ಜನ ಯೆಜ್ಡಿ ನಿಂತಿದ್ದರೆ, ಮಕ್ಕಳ ಕೈಗೆ ಸ್ಪ್ಯಾನರ್ ಕೊಡಿರಿ.